ಉಷ್ಣಸಂಕ್ರಮಣಶಾಸ್ತ್ರದ ನೂತನ ಶೋಧನೆಗಳೂ ಬ್ಯಾಡಗಿಯ ಮೆಣಸಿನಕಾಯಿಯೂ

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಂಬ ಮೂರು ಪಟ್ಟಣಗಳು ಒಂದರ ತರುವಾಯ ಒಂದಾಗಿ ದೊರೆಯುವುವು. ಇವುಗಳಲ್ಲಿ ನಡುವಣದಾದ ಬ್ಯಾಡಗಿಯ ಹೆಸರು ಊರಿನ ಹೆಸರಾಗಿಯೇ ನಿಲ್ಲದೆ ಒಂದು ಪದಾರ್ಥದ ಹೆಸರಾಗಿ ದೂರದೇಶಗಳವರೆಗೂ ಹಬ್ಬಿದೆ. ಸುತ್ತಣ ಎರೆಭೂಮಿಯಲ್ಲಿ ಬೆಳೆದ ಮೆಣಸಿನಕಾಯಿಯು ಈ ಪೇಟೆಗೆ ಬಂದು ಸೇರುವ ಕಾರಣದಿಂದ ಆ ತಳಿಗೇ ಬ್ಯಾಡಗಿ ಎಂಬ ಹೆಸರು ರೂಢವಾಯಿತು. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಗಿಡ್ಡವೂ ದಪ್ಪವೂ ಆದ ಡಬ್ಬಿ, ನೀಳವೂ ತೆಳುವೂ ಆದ ಕಡ್ಡಿ ಎಂದು ಇದರಲ್ಲಿ ಎರಡು ಬಗೆಗಳುಂಟು. ಎರಡರಲ್ಲಿಯೂ ಖಾರವು ಅಲ್ಪ, ಬಣ್ಣವು ಅಧಿಕ. ಈ ಕಾಯಿಯಿಂದ ತೆಗೆದ ಓಲಿಯೋರೆಸಿನ್ ಎಂಬ ಸತ್ತ್ವವು ಆಹಾರಪದಾರ್ಥಗಳಿಗೂ ಅಲಂಕಾರದ್ರವ್ಯಗಳಿಗೂ ಬಣ್ಣವನ್ನು ಕೊಡುವುದಕ್ಕೆ ಬಳಸಲ್ಪಡುತ್ತದೆ. ಆದುದರಿಂದ ಈ ಪೇಟೆಯಲ್ಲಿ ಕಾಯಿಯ ಬೆಲೆಯನ್ನು ನಿರ್ಣಯಿಸುವ ಗುಣಗಳಲ್ಲಿ ಬಣ್ಣವೇ ಪ್ರಧಾನವಾದುದು.

ಬಣ್ಣವು ಹುಟ್ಟುವುದು ಗಿಡದಲ್ಲಿ. ಆದರೆ ಅದು ಉಳಿಯುವುದೋ ಅಳಿಯುವುದೋ ಎಂಬುದು ಕಣದಲ್ಲಿ ನಿರ್ಣಯವಾಗುವುದು. ಕೊಯ್ದ ಹಣ್ಣುಗಾಯಿಯಲ್ಲಿ ನೂರಕ್ಕೆ ಎಪ್ಪತ್ತೈದರ ಸುಮಾರಿಗೆ ನೀರಿರುತ್ತದೆ. ಅದು ಹತ್ತರ ಸುಮಾರಿಗೆ ಇಳಿಯದಿದ್ದರೆ ಕಾಯಿಯು ಬೂಷ್ಟು ಹಿಡಿಯುವುದು. ಬೂಷ್ಟಿನ ಕೆಲವು ಜಾತಿಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸುವುವು. ಈ ವಿಷಗಳೆಲ್ಲವೂ ಕೂಡಿ ಕಿಲೋಗ್ರಾಮಿಗೆ ೧೦ ಮೈಕ್ರೋಗ್ರಾಮನ್ನು ಮೀರಿದ ಮೆಣಸಿನಕಾಯಿಯನ್ನು ಯುರೋಪಿನ ಒಕ್ಕೂಟದ ದೇಶಗಳು ಸ್ವೀಕರಿಸುವುದಿಲ್ಲ. ಹೀಗೆ ನೀರನ್ನು ತೆಗೆಯುವುದಕ್ಕೆ ಉಷ್ಣವು ಬೇಕು. ಆದರೆ ಉಷ್ಣವು ಮಿತಿಮೀರಿದರೆ ಬಣ್ಣವು ಕೆಡುವುದು. ಒಂದೇ ತೇಜಸ್ಸು ಸಾಧಕವೂ ಬಾಧಕವೂ ಆಗಿರುವ ಈ ಸಂಕಟಕ್ಕೆ ಉಷ್ಣಸಂಕ್ರಮಣಶಾಸ್ತ್ರವು ಇತ್ತೀಚಿನ ವರ್ಷಗಳಲ್ಲಿ ಯಾವ ಪರಿಹಾರಗಳನ್ನು ಕಂಡುಕೊಂಡಿದೆ ಎಂಬುದನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಪೂರ್ವಶಾಸ್ತ್ರದಲ್ಲಿ ಪಾಕವಿಚಾರ

ತೇಜಸ್ಸಿನ ಸಂಯೋಗದಿಂದ ಪದಾರ್ಥದ ಬಣ್ಣವು ಮಾರ್ಪಡುವುದೆಂಬ ವಿಷಯವು ಭಾರತೀಯ ದರ್ಶನಗಳಿಗೆ ಹೊಸದಲ್ಲ. ನ್ಯಾಯವೈಶೇಷಿಕರು ಪೃಥಿವಿಯ ರೂಪ, ರಸ, ಗಂಧ, ಸ್ಪರ್ಶಗಳನ್ನು ಪಾಕಜಗುಣಗಳೆಂದು ಕರೆದಿರುವರು. ಹಸಿಯ ಮಡಕೆಯು ಆವಿಗೆಯಲ್ಲಿ ಬೆಂದು ಕೆಂಪಾಗುವುದೇ ಇದಕ್ಕೆ ಅವರು ಕೊಡುವ ಪ್ರಸಿದ್ಧವಾದ ದೃಷ್ಟಾಂತ. ಈ ಪಾಕವು ಎಲ್ಲಿ ನಡೆಯುತ್ತದೆ ಎಂಬಲ್ಲಿ ಮಾತ್ರ ಮತಭೇದವಿದೆ. ಮಡಕೆಯು ಪರಮಾಣುಗಳವರೆಗೂ ಬಿಡಿಬಿಡಿಯಾಗಿ, ಪರಮಾಣುಗಳಲ್ಲಿಯೇ ಬಣ್ಣವು ಮಾರ್ಪಟ್ಟು, ಅವು ಮರಳಿ ಕೂಡಿ ಮಡಕೆಯಾಗುವುದೆಂದು ವೈಶೇಷಿಕರು ಹೇಳುವರು, ಇದು ಪೀಲುಪಾಕವಾದ. ಮಡಕೆಯು ಒಡೆಯದೆ, ಇಡಿಯ ಅವಯವಿಯೇ ಪಾಕವನ್ನು ಹೊಂದುವುದೆಂದು ನೈಯಾಯಿಕರು ಹೇಳುವರು, ಇದು ಪಿಠರಪಾಕವಾದ.

ಈ ವಾದಗಳಲ್ಲಿ ಆಧುನಿಕವಿಜ್ಞಾನವು ಅಡಗಿದೆಯೆಂದು ಹೇಳುವುದು ಯುಕ್ತವಲ್ಲ. ಪ್ರಾಚೀನರು ಅಳತೆಯನ್ನು ಹೇಳಲಿಲ್ಲ. ಎಷ್ಟು ಉಷ್ಣಕ್ಕೆ ಎಷ್ಟು ಹೊತ್ತಿನಲ್ಲಿ ಎಷ್ಟು ಮಾರ್ಪಾಟೆಂಬುದು ಅವರ ಪ್ರಶ್ನೆಯೂ ಆಗಿರಲಿಲ್ಲ. ಆದರೂ ಅವರ ಪ್ರಶ್ನೆಯ ಸ್ವರೂಪವು ಇಂದಿಗೂ ಜೀವಂತವಾಗಿದೆ. ಕಾಯಿಯು ಒಣಗುವ ವೇಗವನ್ನು ಗಣಿತದಿಂದ ಹೇಳುವ ವಿದ್ವಾಂಸರಲ್ಲಿ ಇಂದಿಗೂ ಎರಡು ಮಾರ್ಗಗಳುಂಟು. ಇಡಿಯ ಕಾಯಿಯನ್ನೇ ಒಂದು ಘಟಕವಾಗಿ ಎಣಿಸಿ, ಉಳಿದ ನೀರಿನ ಪ್ರಮಾಣಕ್ಕೆ ಅನುಸಾರವಾಗಿ ಒಣಗುವ ವೇಗವೂ ತಗ್ಗುವುದೆಂದು ೧೯೨೧ರಲ್ಲಿ ಲೂಯಿಸ್ ಎಂಬವನು ಸೂತ್ರವನ್ನು ಕಟ್ಟಿದನು. ೧೯೪೯ರಲ್ಲಿ ಪೇಜ್ ಎಂಬವನು ಅದನ್ನು ತಿದ್ದಿದನು. ಕಾಯಿಯ ಒಳಗೆ ಪದರ ಪದರವಾಗಿ ನೀರು ಹೇಗೆ ಸರಿದು ಹೊರಬರುವುದೆಂದು ಎಣಿಸುವುದು ಇನ್ನೊಂದು ಮಾರ್ಗ. ಮೊದಲನೆಯದು ಅವಯವಿಯನ್ನು ನೋಡುವುದು, ಎರಡನೆಯದು ಅವಯವಗಳನ್ನು. ಇದು ಹೋಲಿಕೆಯೇ ಹೊರತು ಅಭೇದವಲ್ಲ.

೨. ಉಷ್ಣದ ಮೂರು ದಾರಿಗಳು

ಉಷ್ಣವು ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದಕ್ಕೆ ಮೂರು ದಾರಿಗಳಿವೆ. ಪದಾರ್ಥವು ತಾನು ಕದಲದೆ ಉಷ್ಣವನ್ನು ಕೈಯಿಂದ ಕೈಗೆ ಕೊಟ್ಟಂತೆ ದಾಟಿಸುವುದು ವಹನ. ೧೮೨೨ರಲ್ಲಿ ಫ್ರಾನ್ಸಿನ ಫೂರಿಯೇ ಪ್ರಕಟಿಸಿದ ಗ್ರಂಥದಿಂದ ಇದರ ಗಣಿತವು ಸ್ಥಿರವಾಯಿತು. ಗಾಳಿ, ನೀರು ಮೊದಲಾದವು ತಾವೇ ಚಲಿಸಿ ಉಷ್ಣವನ್ನು ಹೊತ್ತೊಯ್ಯುವುದು ಸಂವಹನ. ನಡುವೆ ಯಾವ ಪದಾರ್ಥದ ಆಶ್ರಯವೂ ಇಲ್ಲದೆ ಸೂರ್ಯನಿಂದ ಭೂಮಿಗೆ ಬರುವಂತೆ ಕಿರಣರೂಪದಿಂದ ಸಾಗುವುದು ವಿಕಿರಣ. ಇದರ ನಿಯಮವನ್ನು ೧೮೭೯ರಲ್ಲಿ ಸ್ಟೆಫಾನನು ಪ್ರಯೋಗದ ಮೂಲಕವೂ ೧೮೮೪ರಲ್ಲಿ ಬೋಲ್ಟ್ಸ್‌ಮನ್ನನು ತರ್ಕದ ಮೂಲಕವೂ ಸ್ಥಾಪಿಸಿದರು.

ಮೆಣಸಿನಕಾಯಿಯ ಕಣದಲ್ಲಿ ಈ ಮೂರೂ ಏಕಕಾಲದಲ್ಲಿ ನಡೆಯುತ್ತಿರುವುವು. ಬಿಸಿಲು ಕಾಯಿಯ ಮೇಲೆ ವಿಕಿರಣವಾಗಿ ಬೀಳುವುದು. ಅದರಲ್ಲಿ ಒಂದು ಪಾಲು ಹಾಗೆಯೇ ಹಿಂದಿರುಗುವುದು. ಕಾದ ಕಾಯಿಯಿಂದ ನೆಲಕ್ಕೆ ವಹನದಿಂದ ಒಂದು ಪಾಲು ಇಳಿದುಹೋಗುವುದು. ಬೀಸುವ ಗಾಳಿಯು ಒಂದು ಪಾಲನ್ನು ಎತ್ತಿಕೊಂಡು ಹೋಗುವುದು. ಇವೆಲ್ಲವೂ ಕಳೆದು ಉಳಿದದ್ದು ಮಾತ್ರ ನೀರನ್ನು ಆವಿಯಾಗಿಸುವ ಕೆಲಸಕ್ಕೆ ಸಲ್ಲುವುದು.

ರೈತರ ರೂಢಿಯಲ್ಲಿರುವ ಕೆಲವು ಆಚರಣೆಗಳ ಮರ್ಮವು ಈ ವಿಚಾರದಿಂದ ಸ್ಪಷ್ಟವಾಗುತ್ತದೆ. ಹರವಿದ ಕಾಯಿಯನ್ನು ಸಂಜೆ ರಾಶಿಮಾಡಿ ತಾಡಪತ್ರಿ ಹೊದಿಸುವುದುಂಟಷ್ಟೆ. ನಿರ್ಮಲವಾದ ಆಕಾಶದ ಕೆಳಗೆ ಬಿಟ್ಟ ಪದಾರ್ಥವು ರಾತ್ರಿಯಲ್ಲಿ ತನ್ನ ಉಷ್ಣವನ್ನು ಆಕಾಶದ ಕಡೆಗೆ ವಿಕಿರಣದಿಂದ ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುವುದು. ಆಗ ಗಾಳಿಯಲ್ಲಿಯ ಆವಿಯು ಅದರ ಮೇಲೆ ಇಬ್ಬನಿಯಾಗಿ ಕೂಡುವುದು. ಹಗಲೆಲ್ಲ ತೆಗೆದ ನೀರಿನಲ್ಲಿ ಒಂದಂಶವು ಹೀಗೆ ಮರಳಿ ಬರುವುದು. ಹೊದಿಕೆಯು ಈ ವಿಕಿರಣವನ್ನು ತಡೆಯುತ್ತದೆ. ರಾಶಿಯಲ್ಲಿರುವ ಹೊತ್ತಿನಲ್ಲಿ ಕಾಯಿಯ ಒಳಗಣ ನೀರು ಸಿಪ್ಪೆಯ ಕಡೆಗೆ ಸರಿದು ಸಮವಾಗುವುದು ಇನ್ನೊಂದು ಲಾಭ. ಕೊಯ್ದ ಕಾಯಿಯನ್ನು ಎರಡು ಮೂರು ದಿನ ನೆರಳಿನಲ್ಲಿ ಗುಂಪುಹಾಕಿ, ಬಣ್ಣವು ಒಂದೇ ಸಮನಾದ ಬಳಿಕ ಹರವುವುದೂ ಶಾಸ್ತ್ರಸಮ್ಮತವೇ.

೩. ನೀರಿನ ಲೆಕ್ಕ

ಒಂದು ಕ್ವಿಂಟಾಲ್, ಎಂದರೆ ೧೦೦ ಕಿಲೋಗ್ರಾಮ್ ಹಸಿಗಾಯಿಯನ್ನು ತೆಗೆದುಕೊಂಡು ಲೆಕ್ಕಮಾಡಿದರೆ ವಿಷಯವು ವಿಶದವಾಗುವುದು. ನೀರು ನೂರಕ್ಕೆ ೭೫ ಇದ್ದಲ್ಲಿ ಒಣಪದಾರ್ಥವು ೨೫ ಕಿಲೋಗ್ರಾಮ್. ನೀರು ನೂರಕ್ಕೆ ೧೦ಕ್ಕೆ ಇಳಿದಾಗ ಆ ೨೫ ಕಿಲೋಗ್ರಾಮು ಒಟ್ಟು ತೂಕದಲ್ಲಿ ನೂರಕ್ಕೆ ೯೦ ಆಗಬೇಕಾದುದರಿಂದ ಒಣಗಾಯಿಯ ತೂಕವು ಸುಮಾರು ೨೭.೮ ಕಿಲೋಗ್ರಾಮ್. ಎಂದರೆ ೭೨.೨ ಕಿಲೋಗ್ರಾಮ್ ನೀರು ಆವಿಯಾಗಿ ಹೋಗಬೇಕು.

ನೀರು ಆವಿಯಾಗುವಾಗ ಬಿಸಿಯ ಮಟ್ಟವು ಏರದೆಯೇ ಉಷ್ಣವನ್ನು ನುಂಗುವುದೆಂಬುದನ್ನು ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕನು ಕಂಡುಹಿಡಿದನು. ಇದಕ್ಕೆ ಗುಪ್ತೋಷ್ಣವೆಂದು ಹೆಸರು. ೪೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಕಿಲೋಗ್ರಾಮ್ ನೀರಿಗೆ ಇದು ಸುಮಾರು ೨೪೦೦ ಕಿಲೋಜೂಲ್. ಆ ಮೇರೆಗೆ ಒಂದು ಕ್ವಿಂಟಾಲ್ ಹಸಿಗಾಯಿಗೆ ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು ೪೮ ಯೂನಿಟ್ಟುಗಳಷ್ಟು ಉಷ್ಣವು ಬೇಕಾಗುವುದು. ಒಂದು ಚದರ ಮೀಟರ್ ನೆಲದ ಮೇಲೆ ಬಿಸಿಲಿನ ದಿನದಲ್ಲಿ ಸುಮಾರು ೫ ಯೂನಿಟ್ಟುಗಳಷ್ಟು ಸೌರಶಕ್ತಿಯು ಬೀಳುವುದೆಂದು ಹಿಡಿದರೆ, ಬಿದ್ದುದೆಲ್ಲವೂ ಸಾರ್ಥಕವಾದ ಪಕ್ಷದಲ್ಲಿ ಹತ್ತು ಚದರ ಮೀಟರಿನ ಒಂದು ದಿನದ ಬಿಸಿಲೇ ಸಾಕು. ಕಣದಲ್ಲಿ ಹಾಗಾಗುವುದಿಲ್ಲ, ಕಾಯಿಯು ಒಣಗುವುದಕ್ಕೆ ಎಷ್ಟೋ ದಿನಗಳು ಹಿಡಿಯುತ್ತವೆ. ಬಿಸಿಲಿನ ಕೊರತೆಯಿಂದ ಈ ವಿಳಂಬವಾಗುವುದಲ್ಲ, ಬಿದ್ದ ಬಿಸಿಲಿನ ವ್ಯಯದಿಂದ ಆಗುವುದೆಂಬುದು ಈ ಲೆಕ್ಕದಿಂದ ಸಿದ್ಧವಾಗುತ್ತದೆ.

೪. ಶಂಕೆಯೂ ಸಮಾಧಾನವೂ

ಇಲ್ಲಿ ಒಂದು ಶಂಕೆಯು ಹುಟ್ಟಬಹುದು. ಉಷ್ಣವು ಸಾಲದಿದ್ದರೆ ಬೆಂಕಿಯಿಂದ ಹೆಚ್ಚಿನ ಉಷ್ಣವನ್ನು ಕೊಟ್ಟು ಬೇಗನೆ ಒಣಗಿಸಬಾರದೇಕೆ?

ಸಮಾಧಾನವು ಹೇಗೆಂದರೆ: ಮೆಣಸಿನಕಾಯಿಯ ಕೆಂಪಿಗೆ ಕ್ಯಾಪ್ಸಾಂಥಿನ್, ಕ್ಯಾಪ್ಸೊರುಬಿನ್ ಮೊದಲಾದ ವರ್ಣದ್ರವ್ಯಗಳು ಕಾರಣ. ಇವು ಗಾಳಿಯಲ್ಲಿಯ ಆಮ್ಲಜನಕದೊಡನೆ ಕೂಡಿ ಕೆಡುವ ಸ್ವಭಾವವುಳ್ಳವು. ಬೆಳಕು ಮತ್ತು ಬಿಸಿ ಈ ಕೆಡುಕನ್ನು ತ್ವರೆಗೊಳಿಸುವುವು. ಇನ್ನು ಕಾಯಿಯ ಹೊರಗೆ ಮೇಣದಂತಹ ತೆಳುಪೊರೆಯಿರುವುದು. ಒಳಗಣ ನೀರು ಈ ಪೊರೆಯನ್ನು ದಾಟಿ ಹೊರಬರಬೇಕು. ಮೊದಮೊದಲು ಮೇಲ್ಮೈಯ ನೀರು ಸುಲಭವಾಗಿ ಹೋಗುವುದು. ಬಳಿಕ ಒಳಗಿನಿಂದ ನೀರು ಸರಿದುಬರುವ ವೇಗವೇ ಒಣಗುವ ವೇಗಕ್ಕೆ ಎಲ್ಲೆಯಾಗುವುದು. ಆ ಸ್ಥಿತಿಯಲ್ಲಿ ಆವಿಯಾಗುವ ನೀರು ಅಲ್ಪವಾದುದರಿಂದ ಕೊಟ್ಟ ಉಷ್ಣವು ಅದರಲ್ಲಿ ವೆಚ್ಚವಾಗದೆ ಕಾಯಿಯನ್ನೇ ಕಾಯಿಸುವುದು. ಬಣ್ಣವು ಹೆಚ್ಚಾಗಿ ಕೆಡುವುದು ಆಗಲೇ.

ಆದುದರಿಂದ ಮಾಡತಕ್ಕದ್ದು ಮೂರು. ಒಂದನೆಯದು, ಬಿಸಿಯ ಮಟ್ಟವನ್ನು ಮಿತದಲ್ಲಿಟ್ಟು ಗಾಳಿಯ ಚಲನೆಯನ್ನು ಹೆಚ್ಚಿಸುವುದು. ಕಾಯಿಯ ಸುತ್ತ ಅಂಟಿನಿಂತ ತೇವದ ಗಾಳಿಯು ಸರಿದುಹೋದರೆ ಆವಿಯು ಹೊರಡುವುದಕ್ಕೆ ದಾರಿಯಾಗುವುದು. ಎರಡನೆಯದು, ಪೊರೆಯ ತಡೆಯನ್ನು ಕಡಮೆಮಾಡುವುದು. ಮೈಸೂರಿನಲ್ಲಿ ೧೯೫೦ರಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನ ಸಂಸ್ಥೆಯು ಇದಕ್ಕಾಗಿ ಡಿಪ್ಸಾಲ್ ಎಂಬ ದ್ರವವನ್ನು ಸೂಚಿಸಿದೆ. ಪೊಟಾಸಿಯಂ ಕಾರ್ಬೊನೇಟ್, ಶೇಂಗಾ ಎಣ್ಣೆ, ಗೋಂದು ಮೊದಲಾದುವನ್ನು ನೀರಿನಲ್ಲಿ ಕಲಸಿದ ಈ ದ್ರವದಲ್ಲಿ ಕಾಯಿಯನ್ನು ಅದ್ದಿ ಹರವಿದರೆ ಒಣಗುವ ಕಾಲವು ಬಹಳ ತಗ್ಗುವುದು. ಮೂರನೆಯದು, ನೇರವಾದ ಬಿಸಿಲಿನ ತೀಕ್ಷ್ಣಕಿರಣಗಳಿಂದ ಬಣ್ಣವನ್ನು ಕಾಪಾಡುವುದು.

೫. ನೂತನ ಪ್ರಯೋಗಗಳು

ಈ ತತ್ತ್ವಗಳನ್ನು ಯಂತ್ರರೂಪಕ್ಕೆ ತಂದ ಪ್ರಯೋಗಗಳು ಕಳೆದ ಎರಡು ದಶಕಗಳಲ್ಲಿ ಅನೇಕವಾಗಿ ನಡೆದಿವೆ. ಮೆಣಸಿನಕಾಯಿಯನ್ನೇ ಕುರಿತು ನಡೆದ ನಾಲ್ಕನ್ನು ಇಲ್ಲಿ ವಿವರಿಸಲಾಗಿದೆ.

ಬಾಂಗ್ಲಾದೇಶದಲ್ಲಿ ಹೊಸೇನ್ ಮತ್ತು ಬಾಲಾ ಎಂಬ ವಿದ್ವಾಂಸರು ಸೌರಸುರಂಗವನ್ನು ಪರೀಕ್ಷಿಸಿ ೨೦೦೭ರಲ್ಲಿ ಫಲಗಳನ್ನು ಪ್ರಕಟಿಸಿದರು. ಪಾರದರ್ಶಕವಾದ ಹೊದಿಕೆಯುಳ್ಳ ನೀಳವಾದ ಈ ಸುರಂಗದ ಒಂದು ಭಾಗದಲ್ಲಿ ಗಾಳಿಯು ಕಾಯುವುದು, ಮುಂದಿನ ಭಾಗದಲ್ಲಿ ಹರವಿದ ಕಾಯಿಯ ಮೇಲೆ ಹರಿಯುವುದು. ಗಾಳಿಯನ್ನು ತಳ್ಳುವ ಪಂಖಗಳೂ ಸೂರ್ಯಶಕ್ತಿಯಿಂದಲೇ ತಿರುಗುವುವು. ಒಂದು ಕಿಲೋಗ್ರಾಮ್ ಒಣಪದಾರ್ಥಕ್ಕೆ ೨.೮೫ ಕಿಲೋಗ್ರಾಮ್ ಇದ್ದ ನೀರು ಈ ಸುರಂಗದಲ್ಲಿ ೨೦ ಘಂಟೆಗಳಲ್ಲಿ ೦.೦೫ ಕಿಲೋಗ್ರಾಮಿಗೆ ಇಳಿಯಿತು. ಸಾಮಾನ್ಯವಾಗಿ ಬಿಸಿಲಿಗೆ ಹರವಿದಾಗ ೩೨ ಘಂಟೆಗಳ ಬಳಿಕವೂ ೦.೪೦ ಕಿಲೋಗ್ರಾಮ್ ನೀರು ಉಳಿದಿತ್ತು. ಈ ಅಳತೆಯು ಒಣಪದಾರ್ಥವನ್ನು ಆಧಾರವಾಗಿ ಹಿಡಿದದ್ದು. ಪೇಟೆಯಲ್ಲಿ ಹೇಳುವ ನೂರಕ್ಕಿಷ್ಟು ಎಂಬ ಅಳತೆಯು ಒಟ್ಟು ತೂಕವನ್ನು ಹಿಡಿದದ್ದು. ಎರಡನ್ನೂ ಬೆರೆಸಿದರೆ ಭ್ರಮೆಯುಂಟಾಗುವುದು. ೦.೪೦ ಎಂಬುದು ಪೇಟೆಯ ಅಳತೆಯಲ್ಲಿ ನೂರಕ್ಕೆ ೨೮ಕ್ಕಿಂತಲೂ ಹೆಚ್ಚು. ಎಂದರೆ ಆ ಕಾಯಿಯು ಇನ್ನೂ ಒಣಗಿಲ್ಲವೆಂದೇ ತಾತ್ಪರ್ಯ.

ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೋಹನರಾಜ್ ಮತ್ತು ಚಂದ್ರಶೇಖರ್ ಎಂಬವರು ನಡೆಸಿ ೨೦೦೯ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಗಲಿನ ಉಷ್ಣವನ್ನು ಕೂಡಿಡುವುದಕ್ಕೆ ಜಲ್ಲಿಕಲ್ಲುಗಳನ್ನು ಬಳಸಲಾಯಿತು. ಹಗಲಿನಲ್ಲಿ ಕಾದ ಜಲ್ಲಿಯು ಬಿಸಿಲು ಇಳಿದ ಬಳಿಕವೂ ಗಾಳಿಗೆ ಉಷ್ಣವನ್ನು ಕೊಡುತ್ತಿರುವುದು. ನೂರಕ್ಕೆ ೭೨.೮ ಇದ್ದ ನೀರು ಕೆಳತಟ್ಟೆಯಲ್ಲಿ ೯.೨ಕ್ಕೂ ಮೇಲ್ತಟ್ಟೆಯಲ್ಲಿ ೯.೭ಕ್ಕೂ ಇಳಿಯಿತು. ಬಿದ್ದ ಸೌರಶಕ್ತಿಯಲ್ಲಿ ಸಾರ್ಥಕವಾದದ್ದು ನೂರಕ್ಕೆ ೨೧ರ ಸುಮಾರು. ಈ ಪ್ರಮಾಣವನ್ನು ಮೇಲಿನ ಲೆಕ್ಕಕ್ಕೆ ಹೊಂದಿಸಿದರೆ, ೧೦ ಚದರ ಮೀಟರಿನ ಉಷ್ಣಗ್ರಾಹಕವು ಒಂದು ಕ್ವಿಂಟಾಲ್ ಹಸಿಗಾಯಿಯನ್ನು ಐದು ದಿನಗಳೊಳಗೆ ಒಣಗಿಸಬಹುದೆಂದು ತಿಳಿದುಬರುವುದು.

ಥಾಯ್ಲೆಂಡಿನಲ್ಲಿ ನಡೆದು ೨೦೧೨ರಲ್ಲಿ ಪ್ರಕಟವಾದ ಪ್ರಯೋಗವು ಇದಕ್ಕಿಂತ ದೊಡ್ಡದು. ೮ ಮೀಟರ್ ಅಗಲ, ೨೦ ಮೀಟರ್ ಉದ್ದದ ಕಾಂಕ್ರೀಟ್ ನೆಲದ ಮೇಲೆ ಪಾಲಿಕಾರ್ಬೊನೇಟ್ ತಗಡುಗಳಿಂದ ಕಮಾನಿನಂತಹ ಮನೆಯನ್ನು ಕಟ್ಟಿ ಅದರೊಳಗೆ ೫೦೦ ಕಿಲೋಗ್ರಾಮ್ ಕಾಯಿಯನ್ನು ಹರವಲಾಯಿತು. ನೂರಕ್ಕೆ ೭೪ರಿಂದ ೯ಕ್ಕೆ ನೀರು ಇಳಿಯುವುದಕ್ಕೆ ಮೂರು ದಿನಗಳು ಸಾಕಾದುವು. ಹೊರಗಣ ಬಿಸಿಲಿಗೆ ಐದು ದಿನಗಳು ಹಿಡಿದುವು. ಪಾಲಿಕಾರ್ಬೊನೇಟು ಬೆಳಕನ್ನು ಒಳಗೆ ಬಿಟ್ಟರೂ ಬಣ್ಣಕ್ಕೆ ಶತ್ರುವಾದ ಅತಿನೇರಿಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುವುದೆಂಬುದು ಇಲ್ಲಿ ಗಮನಾರ್ಹವಾದ ಅಂಶ. ಮಳೆ, ಧೂಳು, ಹಕ್ಕಿ, ಇಲಿಗಳ ಬಾಧೆಯೂ ತಪ್ಪುವುದು.

ಮಲೇಷಿಯದಲ್ಲಿ ಫುಧೋಲಿ ಮೊದಲಾದವರು ನಡೆಸಿ ೨೦೧೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ೩೩ ಘಂಟೆಗಳಲ್ಲಿ ನೀರು ನೂರಕ್ಕೆ ೧೦ಕ್ಕೆ ಇಳಿಯಿತು. ತೆರೆದ ಬಿಸಿಲಿಗೆ ೬೫ ಘಂಟೆಗಳು ಬೇಕಾದುವು. ನಾಲ್ಕು ದೇಶಗಳ ಹವೆಯು ಬೇರೆ ಬೇರೆಯಾದರೂ ಫಲವು ಒಂದೇ ದಿಕ್ಕಿಗೆ ಇರುವುದರಿಂದ ತತ್ತ್ವವು ಸ್ಥಿರವೆಂದು ಹೇಳಬಹುದು.

ಉಷ್ಣಸಂಗ್ರಹದಲ್ಲಿ ಇನ್ನೊಂದು ಹೊಸ ದಾರಿಯೂ ತೆರೆದಿದೆ. ಒಂದು ಕಿಲೋಗ್ರಾಮ್ ಕಲ್ಲು ೨೦ ಡಿಗ್ರಿ ತಣ್ಣಗಾದರೆ ಸುಮಾರು ೧೭ ಕಿಲೋಜೂಲ್ ಉಷ್ಣವನ್ನು ಕೊಡುವುದು. ಅದೇ ತೂಕದ ಪ್ಯಾರಾಫಿನ್ ಮೇಣವು ಕರಗಿದ್ದುದು ಹೆಪ್ಪುಗಟ್ಟುವಾಗ ಸುಮಾರು ೨೦೦ ಕಿಲೋಜೂಲ್ ಕೊಡುವುದು. ಅದರಲ್ಲಿಯೂ ತಾನು ಹೆಪ್ಪುಗಟ್ಟುವ ಮಟ್ಟವನ್ನು ಬಿಟ್ಟು ಬಿಸಿಯು ಏರಿಳಿಯಗೊಡದು. ಬಿಸಿಯ ಮಟ್ಟವನ್ನು ಮಿತದಲ್ಲಿಡಬೇಕಾದ ಬ್ಯಾಡಗಿಯ ಕಾಯಿಗೆ ಈ ಗುಣವು ವಿಶೇಷವಾಗಿ ಅನುಕೂಲವಾದುದು. ಆದರೆ ಮೇಣವು ಉಷ್ಣವನ್ನು ವಹಿಸುವುದರಲ್ಲಿ ಮಂದವಾದುದರಿಂದ ಅದರೊಳಗೆ ಲೋಹದ ರೆಕ್ಕೆಗಳನ್ನೂ ಸೂಕ್ಷ್ಮವಾದ ಲೋಹಕಣಗಳನ್ನೂ ಸೇರಿಸಿ ನೋಡುವ ಶೋಧನೆಗಳು ನಡೆಯುತ್ತಿವೆ.

೬. ಶೀತಲಗೃಹಗಳ ಪ್ರಸಂಗ

ಬ್ಯಾಡಗಿಯಲ್ಲಿ ಉಷ್ಣಸಂಕ್ರಮಣದ ಇನ್ನೊಂದು ಮುಖವೂ ಕಾಣಸಿಗುವುದು. ಪೇಟೆಯ ಸುತ್ತ ಅನೇಕ ಶೀತಲಗೃಹಗಳು ಎದ್ದಿವೆ. ಬಣ್ಣವು ಕೆಡುವ ಕ್ರಿಯೆಯ ವೇಗವು ಬಿಸಿ ಇಳಿದಷ್ಟೂ ತಗ್ಗುವುದರಿಂದ ಅಲ್ಲಿ ಕಾಯಿಯು ತಿಂಗಳುಗಟ್ಟಲೆ ಕೆಂಪಾಗಿಯೇ ಇರಬಲ್ಲುದು. ಆದರೆ ತಣ್ಣನೆಯ ಚೀಲವನ್ನು ಒಮ್ಮೆಲೆ ಹೊರಗೆ ತೆಗೆದರೆ ಗಾಳಿಯಲ್ಲಿಯ ಆವಿಯು ಕಾಯಿಯ ಮೇಲೆ ನೀರಾಗಿ ಕೂಡುವುದರಿಂದ, ಅಲ್ಲಿ ಎಚ್ಚರವು ಅವಶ್ಯಕ. ಕಣದ ಇಬ್ಬನಿಗೂ ಇದಕ್ಕೂ ಕಾರಣವು ಒಂದೇ.

ಶೀತಲಗೃಹದ ಯಂತ್ರವು ಒಳಗಣ ಉಷ್ಣವನ್ನು ಎತ್ತಿ ಹೊರಗೆ ಚೆಲ್ಲುವುದು. ಇದೇ ಯಂತ್ರತತ್ತ್ವದಿಂದ ಉಷ್ಣೋದಂಚಕವೆಂಬ ಒಣಗಿಸುವ ಸಾಧನವು ಆಗಿದೆ. ತೇವದ ಗಾಳಿಯನ್ನು ಮೊದಲು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿದಾಗ ಅದರ ಆವಿಯು ನೀರಾಗಿ ಇಳಿಯುವುದು. ಬಳಿಕ ಅದೇ ಯಂತ್ರದ ಬಿಸಿ ಕೊಳವೆಗಳ ಮೇಲೆ ಹಾಯಿಸಿದಾಗ ಒಣಗಿದ ಬೆಚ್ಚನೆಯ ಗಾಳಿಯು ದೊರೆಯುವುದು. ಮೋಡದ ದಿನದಲ್ಲಿಯೂ ರಾತ್ರಿಯಲ್ಲಿಯೂ ನಡೆಯುವುದು ಇದರ ಗುಣ. ಬೆಲೆಯೂ ವಿದ್ಯುತ್ತಿನ ವೆಚ್ಚವೂ ಇದರ ದೋಷ. ಶೀತಲಗೃಹಗಳು ಹೊರಗೆ ಚೆಲ್ಲುವ ಉಷ್ಣವನ್ನು, ನೆರೆಯಲ್ಲಿಯೇ ಅರೆಯೊಣಗಿದ ಕಾಯಿಯನ್ನು ಪೂರ್ಣವಾಗಿ ಒಣಗಿಸುವುದಕ್ಕೆ ಬಳಸಬಹುದೇ ಎಂಬುದು ಪರೀಕ್ಷೆಗೆ ಯೋಗ್ಯವಾದ ಪ್ರಶ್ನೆ.

೭. ಉಪಸಂಹಾರ

ಶೋಧನೆಗಳು ಇಷ್ಟಾದರೂ ಕಾಯಿಯು ಬಹುಮಟ್ಟಿಗೆ ತೆರೆದ ಕಣದಲ್ಲಿಯೇ ಒಣಗುತ್ತಿರುವುದಕ್ಕೆ ಕಾರಣವು ಅಜ್ಞಾನವಲ್ಲ. ಕಣಕ್ಕೆ ಬಾಡಿಗೆಯಿಲ್ಲ, ಬಿಸಿಲಿಗೆ ಬೆಲೆಯಿಲ್ಲ. ವರ್ಷದಲ್ಲಿ ಕೆಲವೇ ವಾರಗಳು ಬೇಕಾಗುವ ಯಂತ್ರಕ್ಕೆ ಒಬ್ಬ ಚಿಕ್ಕ ಹಿಡುವಳಿಯವನು ಹಣವನ್ನು ತೊಡಗಿಸಲಾರನು. ತೂಕದಿಂದ ಮಾರುವಲ್ಲಿ ನೀರಿಗೂ ಬೆಲೆ ಬರುವುದರಿಂದ ಪೂರ್ಣವಾಗಿ ಒಣಗಿಸಿದವನಿಗೆ ತೂಕದ ನಷ್ಟವೇ ಕಣ್ಣಿಗೆ ಕಾಣುವುದು. ಅತಿಯಾಗಿ ಒಣಗಿಸಿದರೆ ಕಾಯಿಯು ಮುರಿದು ಬೀಜವು ಉದುರುವುದು. ಆದುದರಿಂದ ಯಂತ್ರವು ಒಬ್ಬನದಾಗದೆ ಊರಿನದಾಗಬೇಕು. ಬೆಲೆಯು ತೂಕದೊಡನೆ ನೀರಿನ ಅಳತೆಯನ್ನೂ ನೋಡಬೇಕು. ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಹಾವೇರಿಯ ಬಳಿಯ ದೇವಿಹೊಸೂರಿನ ತೋಟಗಾರಿಕಾ ಸಂಶೋಧನ ಕೇಂದ್ರ ಮೊದಲಾದುವು ಹತ್ತಿರದಲ್ಲಿಯೇ ಇರುವುದರಿಂದ, ಅನ್ಯದೇಶಗಳ ಅಂಕೆಗಳನ್ನು ಈ ಎರೆಭೂಮಿಯ ಕಾಯಿಯ ಮೇಲೆ, ಈ ಹವೆಯಲ್ಲಿ ಒರೆಹಚ್ಚುವುದು ಅಸಾಧ್ಯವಲ್ಲ. ತೆಳುಸಿಪ್ಪೆಯ, ಸುಕ್ಕುಗಟ್ಟುವ ಕಡ್ಡಿಯು ಬೇರೆಡೆಯ ದಪ್ಪಸಿಪ್ಪೆಯ ಕಾಯಿಯಂತೆಯೇ ಒಣಗುವುದೆಂದು ಊಹಿಸುವುದಕ್ಕೆ ಆಧಾರವಿಲ್ಲ.

೨೦೨೪ರ ಮಾರ್ಚಿ ೧೧ರಂದು ಮೆಣಸಿನಕಾಯಿಯ ಬೆಲೆಯು ಕುಸಿಯಲು, ಕ್ಷುಬ್ಧರಾದ ರೈತರು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿಯಿಟ್ಟ ಸಂಗತಿಯು ಪ್ರಸಿದ್ಧವಾಗಿದೆ. ಬೆಲೆಯ ಏರಿಳಿತಕ್ಕೆ ಕಾರಣಗಳು ಅನೇಕ. ಉಷ್ಣಶಾಸ್ತ್ರವು ಅವುಗಳಿಗೆ ಔಷಧವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ಒಂದು ಮಾತು ನಿಶ್ಚಿತ. ಹಸಿಯುಳಿದ ಕಾಯಿಯನ್ನು ಹೊತ್ತು ತಂದವನು ಆ ದಿನದ ಬೆಲೆಗೆ ತಲೆಬಾಗಲೇಬೇಕು. ಮನೆಗೆ ಮರಳಿ ಒಯ್ದರೆ ಅದು ಬೂಷ್ಟು ಹಿಡಿಯುವುದು. ಹದವಾಗಿ ಒಣಗಿ ಬಣ್ಣವುಳಿದ ಕಾಯಿಯಾದರೋ ಇನ್ನೊಂದು ಪೇಟೆಯ ದಿನದವರೆಗೆ ಕಾಯಬಲ್ಲುದು, ತನ್ನ ಒಡೆಯನನ್ನೂ ಕಾಯಬಲ್ಲುದು.